ಮಗಳು ಕಮ್ಯುನಿಟಿ ಕಾಲೇಜಿಗೆ ಹೋಗುತ್ತಾಳೆ ಅಂತ ಗಟ್ಟಿಯಾಗಿ ಹೇಳಿ: ಕ್ಯಾಲಿಫೋರ್ನಿಯಾದ ಕನ್ನಡ ಅಪ್ಪ-ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಆತ್ಮೀಯ ಅಪ್ಪ-ಅಮ್ಮಂದಿರೇ,

ನಮಸ್ಕಾರ. ನಾನು ಬೇ ಏರಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಮೊದಲ ಎರಡು ವರ್ಷ ಓದಿ ಆಮೇಲೆ ಯೂನಿವರ್ಸಿಟಿಗೆ ಹೋಗಬಹುದಾದ ಸರ್ಕಾರಿ ಕಾಲೇಜಿನಲ್ಲಿ, ಲೆಕ್ಕದ ಪಾಠ ಮಾಡುವವನು. ಸೆಮಿಸ್ಟರ್ ಶುರುವಾಗುವ ಮುಂಚೆ ಹಾಜರಿ ಪಟ್ಟಿ ಕೈಗೆ ಬಂದರೆ ಅದರಲ್ಲಿ ಒಂದಿಬ್ಬರಾದರೂ ನಮ್ಮ ಮಕ್ಕಳು ಇರುತ್ತಾರೆ. ಹೆಸರಿನ ಕೊನೆಯಲ್ಲಿ ಗೌಡ, ಹೆಗಡೆ, ಪಾಟೀಲ ಅಂತಲೋ ಅಪ್ಪನ ಊರಿನ ಹೆಸರೋ ಇದ್ದರೆ ಆಯಿತು, ಗೊತ್ತಾಗಿಬಿಡುತ್ತದೆ. ಇದೇ ಮಕ್ಕಳ ಮನೆಯವರು ಯುಗಾದಿ ಕಾರ್ಯಕ್ರಮದಲ್ಲಿ ಸಿಗುತ್ತಾರೆ. ಯಾರಾದರೂ "ಮಗ ಎಲ್ಲಿ ಓದ್ತಿದ್ದಾನೆ?" ಅಂತ ಕೇಳಿದರೆ ಸಾಕು, ಮುಖ ಸ್ವಲ್ಪ ಸಣ್ಣಗಾಗುತ್ತದೆ. "ಇಲ್ಲೇ, ಹತ್ರದಲ್ಲೇ ಮಾಡ್ತಿದ್ದಾನೆ" ಅನ್ನುತ್ತಾರೆ. ಇನ್ನೊಬ್ಬರು "ಒಂದು ವರ್ಷ ಗ್ಯಾಪ್ ತಗೊಂಡಿದ್ದಾನೆ" ಅನ್ನುತ್ತಾರೆ. ಆಮೇಲೆ ಮಾತು ಬಿಸಿಬೇಳೆಬಾತಿನ ಕಡೆ ಹೊರಳುತ್ತದೆ. ಆ ಗ್ಯಾಪ್ ತಗೊಂಡ ಹುಡುಗ ಸೋಮವಾರ ಬೆಳಿಗ್ಗೆ ನನ್ನ ಕ್ಲಾಸಿನಲ್ಲಿ ಮೂರನೇ ಸಾಲಿನಲ್ಲಿ ಕೂತಿರುತ್ತಾನೆ!

ಮನೆ ಮಾನದ ವಿಷಯ ನಿಮ್ಮದು, ಅದಕ್ಕೆ ನಾನು ತಲೆ ಹಾಕುವುದಿಲ್ಲ. ಆದರೆ ಈ ಮುಚ್ಚುಮರೆಯಿಂದ ಮಗುವಿನ ಡಿಗ್ರಿಗೇ ಪೆಟ್ಟು ಬೀಳುತ್ತಿದೆ. ಕಮ್ಯುನಿಟಿ ಕಾಲೇಜಿನಿಂದ ಬ್ಯಾಚುಲರ್ಸ್ ಡಿಗ್ರಿಗೆ ಹೋಗುವ ದಾರಿ ಚೆನ್ನಾಗಿಯೇ ಇದೆ. ಆದರೆ ಅದು ಕೇಳಿ ಕೇಳಿ ನಡೆಯಬೇಕಾದ ದಾರಿ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡವರು ಕೇಳುವುದಾದರೂ ಹೇಗೆ?

ಮೊದಲು ದೇಶದ ಲೆಕ್ಕ ನೋಡಿಬಿಡೋಣ. ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರುವ ನೂರು ಜನರಲ್ಲಿ ಸುಮಾರು 80 ಜನರಿಗೆ ಮುಂದೆ ಬ್ಯಾಚುಲರ್ಸ್ ಮಾಡುವ ಆಸೆ ಇರುತ್ತದೆ. ನಾಲ್ಕು ವರ್ಷದ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗುವವರು ಮೂರರಲ್ಲೊಂದು ಪಾಲು. ಸೇರಿದ ಆರು ವರ್ಷದೊಳಗೆ ಬ್ಯಾಚುಲರ್ಸ್ ಡಿಗ್ರಿ ಕೈಗೆ ಬರುವುದು ಸುಮಾರು 16 ಜನರಿಗೆ. ಉಳಿದವರೆಲ್ಲ ದಡ್ಡರು ಅಂದುಕೊಳ್ಳಬೇಡಿ. ನನ್ನ ಕಣ್ಣೆದುರು ಬಿಟ್ಟುಹೋದವರಲ್ಲಿ ತುಂಬಾ ಜನ ಪಾಸಾಗುತ್ತಲೇ ಇದ್ದವರು. ಯಾವ ಕೋರ್ಸ್ ಬೇಕು, ಯಾವುದು ಬೇಡ ಅಂತ ಗೊತ್ತಾಗದೆ ಸುತ್ತಿ ಸುತ್ತಿ ಸುಸ್ತಾದವರು. 2017ರಲ್ಲಿ ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ ಒಂದು ವರದಿ ಕೊಟ್ಟಿತು. ಕಾಲೇಜು ಬದಲಾಯಿಸಿದ ವಿದ್ಯಾರ್ಥಿಗಳು ತಾವು ಗಳಿಸಿದ ಕ್ರೆಡಿಟ್‌ಗಳಲ್ಲಿ, ಅಂದರೆ ಕೋರ್ಸು ಪಾಸಾದಾಗ ಡಿಗ್ರಿ ಲೆಕ್ಕಕ್ಕೆ ಸೇರುವ ಅಂಕಗಳಲ್ಲಿ, ಸರಾಸರಿ 43 ಪ್ರತಿಶತ ಕಳೆದುಕೊಳ್ಳುತ್ತಾರೆ ಅಂತ ಅದರಲ್ಲಿತ್ತು. ಎಲ್ಲ ಬಗೆಯ ಕಾಲೇಜುಗಳನ್ನು ಸೇರಿಸಿದ ಲೆಕ್ಕ ಅದು. ಕ್ಯಾಲಿಫೋರ್ನಿಯಾದೊಳಗೆ ಸರ್ಕಾರಿ ಕಾಲೇಜಿನಿಂದ ಸರ್ಕಾರಿ ಯೂನಿವರ್ಸಿಟಿಗೆ ಹೋದರೆ ಅಷ್ಟೊಂದು ನಷ್ಟ ಆಗಬೇಕಿಲ್ಲ. ಆದರೂ ನಮ್ಮ ಮಕ್ಕಳಿಗೆ ಆಗುತ್ತಿದೆ.

ಈ ಕಾಲೇಜುಗಳು ಸೀಟು ಸಿಗದವರಿಗೆ ಅಂತ ಮಾಡಿದ ಗೋದಾಮಲ್ಲ. 1960ರಲ್ಲಿ ಈ ರಾಜ್ಯ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲ್ಯಾನ್ ಮಾಡಿತು. ಹೈಸ್ಕೂಲಿನ ಮೇಲಿನ ಎಂಟನೇ ಒಂದು ಪಾಲಿನ ಮಕ್ಕಳು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಅಂದರೆ ಯುಸಿಗೆ. ಮೇಲಿನ ಮೂರನೇ ಒಂದು ಪಾಲು ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗೆ, ಅಂದರೆ ಸಿಎಸ್‌ಯುಗೆ. ಕಮ್ಯುನಿಟಿ ಕಾಲೇಜಿನ ಬಾಗಿಲು ಎಲ್ಲರಿಗೂ ತೆರೆದಿರಬೇಕು, ಅಲ್ಲಿಂದ ಮೇಲಕ್ಕೆ ಹತ್ತಲು ದಾರಿ ಇರಬೇಕು. ಆ ದಾರಿಯೇ ಟ್ರಾನ್ಸ್‌ಫರ್. ಹೈಸ್ಕೂಲಿನಿಂದ ನೇರ ಬರುವ ಇಬ್ಬರು ಫ್ರೆಶ್‌ಮನ್‌ಗಳಿಗೆ ಒಬ್ಬ ಟ್ರಾನ್ಸ್‌ಫರ್ ವಿದ್ಯಾರ್ಥಿಯನ್ನು ತೆಗೆದುಕೊಳ್ಳಬೇಕು ಅಂತ ಯುಸಿ ಇವತ್ತಿಗೂ ಗುರಿ ಇಟ್ಟುಕೊಂಡಿದೆ. ಲಾಸ್ ಏಂಜಲೀಸಿನ ಯುಸಿ ಕ್ಯಾಂಪಸ್ ಯುಸಿಎಲ್‌ಎಯನ್ನೇ ನೋಡಿ. ಹೈಸ್ಕೂಲಿನಿಂದ ಅರ್ಜಿ ಹಾಕಿದ ಹತ್ತು ಜನರಲ್ಲಿ ಒಬ್ಬರಿಗೂ ಸರಿಯಾಗಿ ಸೀಟು ಸಿಗುವುದಿಲ್ಲ. ಟ್ರಾನ್ಸ್‌ಫರ್ ಅರ್ಜಿಯಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗೆ ಸಿಗುತ್ತದೆ. ಅರ್ಜಿ ಹಾಕುವವರು ಬೇರೆ ಬೇರೆ, ಹಾಗಾಗಿ ಎರಡನ್ನೂ ನೇರವಾಗಿ ಹೋಲಿಸುವ ಹಾಗಿಲ್ಲ, ನಿಜ. ಆದರೂ ಹಿಂದಿನ ಬಾಗಿಲು ಅಂತ ಮೂಗು ಮುರಿಯುವಂಥದ್ದೇನೂ ಅಲ್ಲ, ಅಲ್ವಾ?

ದುಡ್ಡಿನ ಮಾತಿಗೆ ಬಂದರೆ ಚರ್ಚೆಯೇ ಬೇಡ. ರಾಜ್ಯದ ನಿವಾಸಿಗೆ ಇಲ್ಲಿ ಒಂದು ಯೂನಿಟ್‌ಗೆ, ಅಂದರೆ ಒಂದು ಕ್ರೆಡಿಟ್ಟಿಗೆ, 46 ಡಾಲರ್. ವರ್ಷಕ್ಕೆ 30 ಯೂನಿಟ್ ತಗೊಂಡರೆ 1,380 ಡಾಲರ್. ಸಿಎಸ್‌ಯುನಲ್ಲಿ ವರ್ಷದ ಟ್ಯೂಷನ್ ಫೀಸು 6 ಸಾವಿರ ಡಾಲರ್ ದಾಟಿದೆ. ಯುಸಿಯಲ್ಲಿ ಅದರ ಎರಡು ಪಟ್ಟಿಗೂ ಜಾಸ್ತಿ. ಹಾಸ್ಟೆಲ್ಲು, ಊಟ ಬೇರೆ. ಕೊನೆಗೆ ಬರುವ ಡಿಗ್ರಿ ಸರ್ಟಿಫಿಕೇಟಿನಲ್ಲಿ ಮೊದಲ ಎರಡು ವರ್ಷ ಎಲ್ಲಿ ಓದಿದ ಅಂತ ಬರೆದಿರುವುದೇ ಇಲ್ಲ.

ಹಾಗಾದರೆ ಎಡವುವುದು ಎಲ್ಲಿ? ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ.

ಆಫೀಸ್ ಅವರ್‌ಗೆ ಒಬ್ಬ ಹುಡುಗ ಬಂದ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮಾಡಬೇಕು, ಸ್ಯಾನ್ ಹೋಸೆ ಸ್ಟೇಟ್‌ಗೆ, ಅಂದರೆ ಅಲ್ಲಿನ ಸಿಎಸ್‌ಯುಗೆ, ಹೋಗಬೇಕು ಅಂತ ಆಸೆ. ಮೂರು ಸೆಮಿಸ್ಟರ್ ಮುಗಿಸಿದ್ದ. ಟ್ರಾನ್ಸ್‌ಕ್ರಿಪ್ಟ್ ತೋರಿಸಿದ. ತುಂಬಾ ಎ ಗ್ರೇಡ್‌ಗಳು. ಇಂಗ್ಲಿಷ್, ಸೈಕಾಲಜಿ, ಪಬ್ಲಿಕ್ ಸ್ಪೀಕಿಂಗ್, ಸಿನಿಮಾ ಇತಿಹಾಸ, ಸಮಾಜಶಾಸ್ತ್ರ, ಸ್ಟ್ಯಾಟಿಸ್ಟಿಕ್ಸ್. ಯಾವುದೂ ಕೆಟ್ಟ ಕೋರ್ಸ್ ಅಲ್ಲ. ಮನೆಯಲ್ಲಿ ಎಲ್ಲರಿಗೂ ಖುಷಿ, ಹುಡುಗ ಚೆನ್ನಾಗಿ ಓದುತ್ತಿದ್ದಾನಲ್ಲ ಅಂತ. ನಾನು ಲ್ಯಾಪ್‌ಟಾಪ್ ತಿರುಗಿಸಿ "ಅಸಿಸ್ಟ್" ವೆಬ್‌ಸೈಟ್ ತೆಗೆದೆ. ಕ್ಯಾಲಿಫೋರ್ನಿಯಾದ ಯಾವ ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸು ಯಾವ ಯುಸಿ ಅಥವಾ ಸಿಎಸ್‌ಯು ಕೋರ್ಸಿಗೆ ಸಮ ಅಂತ ಅಲ್ಲಿ ಪಟ್ಟಿ ಇರುತ್ತದೆ. ಎಡಗಡೆ ಯೂನಿವರ್ಸಿಟಿ ಕೇಳುವ ಕೋರ್ಸು, ಬಲಗಡೆ ನಮ್ಮ ಕಾಲೇಜಿನ ಕೋರ್ಸು. ಮೆಕ್ಯಾನಿಕಲ್ ಅಂತ ಒತ್ತಿದೆ. ಕ್ಯಾಲ್ಕುಲಸ್ ಸಾಲು, ಕ್ಯಾಲ್ಕುಲಸ್ ಆಧಾರಿತ ಫಿಸಿಕ್ಸ್, ಕೆಮಿಸ್ಟ್ರಿ ಅಂತ ಪಟ್ಟಿ ಇಳಿಯುತ್ತಾ ಹೋಯಿತು. ಹುಡುಗ ತನ್ನ ಟ್ರಾನ್ಸ್‌ಕ್ರಿಪ್ಟನ್ನು ಒಂದು ಸಲ, ಪರದೆಯನ್ನು ಒಂದು ಸಲ ನೋಡಿದ. ಎಂಜಿನಿಯರಿಂಗ್‌ಗೆ ಬೇಕಾದ ಒಂದೇ ಒಂದು ಕೋರ್ಸೂ ಅವನ ಹತ್ತಿರ ಇರಲಿಲ್ಲ. ಸ್ಟ್ಯಾಟಿಸ್ಟಿಕ್ಸ್ ಸಾಮಾನ್ಯ ಗಣಿತದ ಷರತ್ತಿಗೆ ಸಾಕು, ಸೈಕಾಲಜಿಗೆ ಹೋಗುವವರಿಗೆ ಬೇಕೇ ಬೇಕು. ಎಂಜಿನಿಯರಿಂಗ್‌ಗೆ ಕ್ಯಾಲ್ಕುಲಸ್ ಬೇಕು. ಅವನಿನ್ನೂ ಪ್ರಿ-ಕ್ಯಾಲ್ಕುಲಸ್ ಕೂಡ ಮಾಡಿರಲಿಲ್ಲ.

"ಯಾಕಪ್ಪ ಕೌನ್ಸೆಲರ್‌ನ ನೋಡಲಿಲ್ಲ?" ಅಂದೆ. "ಅಮ್ಮ ಫಸ್ಟು ಜಿಇ ಎಲ್ಲ ಮುಗಿಸಿಬಿಡು ಅಂದ್ರು ಅಂಕಲ್" ಅಂದ. ಜಿಇ ಅಂದರೆ ಯಾವ ಬ್ರ್ಯಾಂಚಿನವರಾದರೂ ಮಾಡಬೇಕಾದ ಸಾಮಾನ್ಯ ಶಿಕ್ಷಣದ ಕೋರ್ಸುಗಳು. ಕ್ಲಾಸಿನಲ್ಲಿ ನಾನು ಪ್ರೊಫೆಸರ್, ಬಾಗಿಲು ಮುಚ್ಚಿದ ಮೇಲೆ ಅಂಕಲ್. ಇರಲಿ.

ಆ ತಾಯಿಯನ್ನು ನಾನು ದೂರುವುದಿಲ್ಲ. ನಾವು ಓದಿದ ರೀತಿಯೇ ಬೇರೆ. ನಮ್ಮಲ್ಲಿ ಒಂದು ಸಲ ಸೀಟು ಸಿಕ್ಕಿತು ಅಂದರೆ ಮುಗಿಯಿತು. ಯಾವ ಸೆಮಿಸ್ಟರಿನಲ್ಲಿ ಯಾವ ವಿಷಯ ಅಂತ ಯೂನಿವರ್ಸಿಟಿಯವರೇ ಬರೆದು ಇಟ್ಟಿರುತ್ತಾರೆ. ನೋಟಿಸ್ ಬೋರ್ಡಿನಲ್ಲಿ ಟೈಮ್‌ಟೇಬಲ್ ಹಾಕುತ್ತಾರೆ, ಹೋಗಿ ಬೆಂಚಿನ ಮೇಲೆ ಕೂತರಾಯಿತು. ತಪ್ಪು ವಿಷಯ ತಗೊಳ್ಳುವ ಅವಕಾಶವೇ ಇರಲಿಲ್ಲ. ಫೇಲ್ ಆಗುವುದೊಂದೇ ಭಯ. ಇಲ್ಲಿ ಪಾಸಾಗುತ್ತಾ ಪಾಸಾಗುತ್ತಾ ದಾರಿ ತಪ್ಪಬಹುದು. ನೂರಾರು ಕೋರ್ಸುಗಳ ಪಟ್ಟಿ ಮುಂದಿಟ್ಟು, ಹದಿನೆಂಟರ ಹುಡುಗನಿಗೆ ನೀನೇ ಆರಿಸಿಕೋ ಅನ್ನುತ್ತಾರೆ. ಮಾರ್ಕ್ಸ್ ಕಾರ್ಡ್ ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳುವ ನಮ್ಮ ಹಳೇ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಆದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುವುದು ನಮಗೇನು ಹೊಸದೇ? ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ ಸೇರುತ್ತಾರೆ. ಮೂರು ವರ್ಷದ ಡಿಪ್ಲೊಮಾ. ಆಮೇಲೆ ಡಿಸಿಇಟಿ ಬರೆದು ಬಿಇ ಮೂರನೇ ಸೆಮಿಸ್ಟರಿಗೆ ನೇರ ಪ್ರವೇಶ. ಲ್ಯಾಟರಲ್ ಎಂಟ್ರಿ ಅನ್ನುತ್ತೇವೆ. ಮೊದಲ ವರ್ಷದ ಗಣಿತ ತಪ್ಪಿರುತ್ತದಲ್ಲ, ಅದಕ್ಕೆ ವಿಟಿಯು ಇವರಿಗೆಂದೇ ಹೆಚ್ಚುವರಿ ಗಣಿತ ಇಟ್ಟಿತ್ತು. ಹುಡುಗರ ಬಾಯಲ್ಲಿ ಅದು "ಮ್ಯಾಟ್‌ಡಿಪ್". ಮ್ಯಾಟ್‌ಡಿಪ್ ಬರೆದು ಬಂದ ಎಷ್ಟೋ ಜನ ಇವತ್ತು ಎಂಜಿನಿಯರ್‌ಗಳು, ಇಲ್ಲೂ ಇದ್ದಾರೆ. ಅವರನ್ನು ಯಾರೂ ನೀವು ಡಿಪ್ಲೊಮಾನಾ ಅಂತ ಕೇಳುವುದಿಲ್ಲ. ಊರಿನಲ್ಲಿ ಡಿಪ್ಲೊಮಾ ಮಾಡಿ ಬಿಇ ಮಾಡಿದ ಅಣ್ಣನ ಬಗ್ಗೆ "ಕಷ್ಟಪಟ್ಟು ಮೇಲೆ ಬಂದ" ಅನ್ನುತ್ತೇವೆ. ಮಗ ಅದನ್ನೇ ಇಲ್ಲಿ ಮಾಡಿದರೆ ವಿಷಯ ಬದಲಾಯಿಸುತ್ತೇವೆ. ಇದು ಯಾವ ನ್ಯಾಯ?

ಈಗ ಲೆಕ್ಕದ ಮೇಷ್ಟ್ರಾಗಿ ಒಂದೆರಡು ಮಾತು. ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್, ಫಿಸಿಕ್ಸ್, ಎಕನಾಮಿಕ್ಸ್, ಏನೇ ಇರಲಿ, ಮೊದಲ ಸೆಮಿಸ್ಟರಿನಲ್ಲೇ ಗಣಿತ ಹಿಡಿಯಬೇಕು. ಪ್ರಿ-ಕ್ಯಾಲ್ಕುಲಸ್ ಆದ ಮೇಲೆ ಕ್ಯಾಲ್ಕುಲಸ್ ಒಂದು, ಎರಡು, ಮೂರು, ಆಮೇಲೆ ಡಿಫರೆನ್ಷಿಯಲ್ ಈಕ್ವೇಷನ್ಸ್, ಲೀನಿಯರ್ ಆಲ್ಜೀಬ್ರಾ. ಒಂದು ಮುಗಿಯದೆ ಇನ್ನೊಂದಕ್ಕೆ ಬಿಡುವುದಿಲ್ಲ. ಫಿಸಿಕ್ಸ್ ಕೂಡ ಇದರ ಬಾಲ ಹಿಡಿದೇ ಬರುತ್ತದೆ. ಸಿನಿಮಾ ಇತಿಹಾಸವನ್ನು ಯಾವಾಗ ಬೇಕಾದರೂ ಮಾಡಬಹುದು, ಈ ಸಾಲನ್ನು ಹಾಗೆ ಮುಂದಕ್ಕೆ ಹಾಕಲು ಆಗುವುದಿಲ್ಲ. ಇನ್ನೊಂದು ಗುಂಡಿ ಇದೆ. ಬಿಸಿನೆಸ್ ಕ್ಯಾಲ್ಕುಲಸ್ ಅಂತ ಒಂದು ಕೋರ್ಸ್ ಇದೆ, ಎಂಜಿನಿಯರಿಂಗ್ ಕ್ಯಾಲ್ಕುಲಸ್ ಅಂತ ಇನ್ನೊಂದು ಇದೆ. ಎರಡರ ಹೆಸರಲ್ಲೂ ಕ್ಯಾಲ್ಕುಲಸ್ ಇದೆ ಅಂತ ಸುಲಭವಾದದ್ದು ತಗೊಂಡರೆ ಎಂಜಿನಿಯರಿಂಗ್‌ಗೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಮೊದಲು ಇನ್ನೂ ಕಷ್ಟ ಇತ್ತು. ಸೇರುವಾಗ ಒಂದು ಪ್ಲೇಸ್‌ಮೆಂಟ್ ಪರೀಕ್ಷೆ, ಅದರಲ್ಲಿ ಕಡಿಮೆ ಬಂದರೆ ಕ್ರೆಡಿಟ್ಟೇ ಇಲ್ಲದ ಬೀಜಗಣಿತದ ಕೋರ್ಸು, ಅದಾದ ಮೇಲೆ ಇನ್ನೊಂದು. ಎಷ್ಟೋ ಜನ ಅಲ್ಲೇ ಕಳಚಿಕೊಳ್ಳುತ್ತಿದ್ದರು. 2017ರಲ್ಲಿ ಎಬಿ 705 ಅನ್ನುವ ಕಾನೂನು ಬಂತು. ಹೈಸ್ಕೂಲಿನ ಗ್ರೇಡ್ ನೋಡಿ ನೇರವಾಗಿ ಟ್ರಾನ್ಸ್‌ಫರ್ ಮಟ್ಟದ ಗಣಿತಕ್ಕೆ, ಇಂಗ್ಲಿಷಿಗೆ ಬಿಡಬೇಕು ಅಂದಿತು. ಅದಕ್ಕೆ ಇನ್ನಷ್ಟು ಬಿಗಿ ಕೊಟ್ಟು 2022ರಲ್ಲಿ ಎಬಿ 1705 ಬಂತು. ನನ್ನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದು ಇಷ್ಟವಿಲ್ಲ, ತಯಾರಿ ಇಲ್ಲದವರನ್ನು ನೇರ ನೀರಿಗೆ ತಳ್ಳಿದ ಹಾಗಾಯಿತು ಅನ್ನುತ್ತಾರೆ. ನನಗೆ ಆ ಕಾನೂನು ಸರಿ ಅನ್ನಿಸುತ್ತದೆ. ಆದರೆ ಜೊತೆಗೆ ಸಹಾಯದ ಕ್ಲಾಸು ಇರಲೇಬೇಕು, ಮಕ್ಕಳು ಅದಕ್ಕೆ ಹೋಗಲೇಬೇಕು. ಎಲ್ಲ ಕಾಲೇಜಿನಲ್ಲೂ ಪುಕ್ಕಟೆ ಟ್ಯೂಟರಿಂಗ್ ಸೆಂಟರ್ ಇರುತ್ತದೆ. ನಮ್ಮ ಮಕ್ಕಳು ಅಲ್ಲಿಗೆ ಕಾಲಿಡುವುದೇ ಕಡಿಮೆ. ಟ್ಯೂಷನ್‌ಗೆ ಹೋದರೆ ದಡ್ಡ ಅಂದುಕೊಳ್ಳುತ್ತಾರೆ ಅಂತ ಒಬ್ಬಳು ಹೇಳಿದಳು. ಇದನ್ನು ಎಲ್ಲಿ ಕಲಿತಳೋ!

ಯೂನಿಟ್ ಲೆಕ್ಕದಲ್ಲೂ ಒಂದು ಮೋಸ ಇದೆ. ಸೆಮಿಸ್ಟರಿಗೆ 12 ಯೂನಿಟ್ ತಗೊಂಡರೆ ಫುಲ್ ಟೈಮ್ ಅನ್ನುತ್ತಾರೆ. ಫುಲ್ ಟೈಮ್ ಅಂದ ಮೇಲೆ ಎರಡು ವರ್ಷಕ್ಕೆ ಮುಗಿಯುತ್ತದೆ ಅಂತ ಮನೆಯವರು ನಂಬುತ್ತಾರೆ. 12ನ್ನು ನಾಲ್ಕರಿಂದ ಗುಣಿಸಿ ನೋಡಿ. 48. ಟ್ರಾನ್ಸ್‌ಫರ್‌ಗೆ ಬೇಕಾದದ್ದು 60. ಅಂದರೆ 15 ತಗೊಳ್ಳಬೇಕು, ಇಲ್ಲವೇ ಬೇಸಿಗೆಯಲ್ಲಿ ತುಂಬಿಸಿಕೊಳ್ಳಬೇಕು. ಡಿ ಆಂಜಾ, ಫುಟ್‌ಹಿಲ್ ಕಾಲೇಜುಗಳಲ್ಲಿ ಸೆಮಿಸ್ಟರಿಗಿಂತ ಚಿಕ್ಕ ಅವಧಿಯ ಕ್ವಾರ್ಟರ್ ಪದ್ಧತಿ, ಅಲ್ಲಿ 90 ಕ್ವಾರ್ಟರ್ ಯೂನಿಟ್ ಬೇಕು. ಓಲೋನಿ, ಮಿಷನ್, ಎವರ್‌ಗ್ರೀನ್ ವ್ಯಾಲಿ ಕಡೆ ಸೆಮಿಸ್ಟರ್. ಎರಡೂ ಕಡೆ ಒಂದೊಂದು ಕೋರ್ಸ್ ಮಾಡುವ ಮಕ್ಕಳಿದ್ದಾರೆ. ಅವರು ಯೂನಿಟ್ ಕೂಡಿಸುವಾಗ ಹುಷಾರಾಗಿರಬೇಕು.

ಸಹಾಯ ಮಾಡಿದರೆ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ನ್ಯೂಯಾರ್ಕ್ ನೋಡಿ. ಸಿಟಿ ಯೂನಿವರ್ಸಿಟಿಯ ಕಮ್ಯುನಿಟಿ ಕಾಲೇಜುಗಳಲ್ಲಿ 2007ರಲ್ಲಿ "ಎಸ್ಯಾಪ್" ಅನ್ನುವ ಕಾರ್ಯಕ್ರಮ ಶುರು ಮಾಡಿದರು. ಫುಲ್ ಟೈಮ್ ಓದಲೇಬೇಕು ಅನ್ನುವುದು ಷರತ್ತು. ಅದಕ್ಕೆ ಬದಲಾಗಿ ಪದೇ ಪದೇ ಭೇಟಿಯಾಗುವ ಒಬ್ಬ ಸಲಹೆಗಾರ, ಕಡಿಮೆ ಬಿದ್ದ ಫೀಸು, ಪುಸ್ತಕ, ಬಸ್ಸು-ಸಬ್‌ವೇಗೆ ಮೆಟ್ರೋಕಾರ್ಡ್. ಎಂಡಿಆರ್‌ಸಿ ಅನ್ನುವ ಸಂಶೋಧನಾ ಸಂಸ್ಥೆ ಲಾಟರಿ ಹಾಕಿ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಹೋಲಿಸಿತು. ಮೂರು ವರ್ಷದಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮುಗಿಸಿದವರು ಎಸ್ಯಾಪ್ ಗುಂಪಿನಲ್ಲಿ ನೂರಕ್ಕೆ 40, ಇನ್ನೊಂದು ಗುಂಪಿನಲ್ಲಿ 22. ಮಕ್ಕಳ ತಲೆ ಅದೇ, ಪರೀಕ್ಷೆಯೂ ಅದೇ. ಈ ಸಲಹೆಗಾರನ ಜಾಗದಲ್ಲಿ ಯಾರೂ ಇಲ್ಲದಿರುವುದೇ ನಮ್ಮ ಮನೆಗಳ ಕೊರತೆ. ಬಸ್ ಪಾಸಿನ ಚಿಂತೆ ನಮ್ಮಲ್ಲಿ ಹೆಚ್ಚಿನವರಿಗಿಲ್ಲ, ಕಾರು ಕೊಡಿಸಿರುತ್ತೇವೆ!

ಈಗ ಕೈಗೆ ಸಿಗುವ ದಾರಿಗಳು. ಸಿಎಸ್‌ಯು ಕಡೆ ಹೋಗುವವರಿಗೆ ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್, ಚಿಕ್ಕದಾಗಿ ಎಡಿಟಿ, ಒಳ್ಳೆಯದು. 2010ರ ಕಾನೂನಿನಿಂದ ಬಂದದ್ದು. ಇಲ್ಲಿ 60 ಯೂನಿಟ್ ಮುಗಿಸಿದರೆ ಸಿಎಸ್‌ಯುನಲ್ಲಿ ಎಲ್ಲಾದರೂ ಒಂದು ಕಡೆ ಜಾಗ ಖಾತ್ರಿ, ಅಲ್ಲಿ ಇನ್ನು 60ರಲ್ಲಿ ಡಿಗ್ರಿ ಮುಗಿಯುವ ವ್ಯವಸ್ಥೆ. ಎಲ್ಲಾದರೂ ಅನ್ನುವ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಿ. ಸ್ಯಾನ್ ಹೋಸೆಯಲ್ಲೇ ಬೇಕು, ಅದೇ ಬ್ರ್ಯಾಂಚ್ ಬೇಕು ಅಂದರೆ ಪೈಪೋಟಿ ಇದ್ದೇ ಇದೆ.

ಯುಸಿಗೆ "ಟ್ಯಾಗ್" ಇದೆ. ಇಂತಿಷ್ಟು ಕೋರ್ಸು, ಇಂತಿಷ್ಟು ಗ್ರೇಡ್ ಇದ್ದರೆ ಸೀಟು ಕೊಡುತ್ತೇವೆ ಅನ್ನುವ ಒಪ್ಪಂದ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್, ಈ ಆರು ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಮಾತ್ರ ಹಾಕಬಹುದು. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯೇಗೊ ಇದರಲ್ಲಿ ಇಲ್ಲ. ಕೆಲವು ಬ್ರ್ಯಾಂಚ್‌ಗಳಿಗೂ ಇಲ್ಲ. ಟ್ಯಾಗ್ ಅರ್ಜಿ ಸೆಪ್ಟೆಂಬರ್ 1ರಿಂದ 30ರೊಳಗೆ. ಯುಸಿಯ ಮುಖ್ಯ ಅರ್ಜಿ ಅಕ್ಟೋಬರ್‌ನಿಂದ ನವೆಂಬರ್ ಕೊನೆಯವರೆಗೆ, ಅದನ್ನು ಬೇರೆಯಾಗಿ ಹಾಕಲೇಬೇಕು. ಆಮೇಲೆ ಜನವರಿಯಲ್ಲಿ ಹೊಸ ಗ್ರೇಡ್‌ಗಳನ್ನು ತಿಳಿಸುವ "ಟ್ರಾನ್ಸ್‌ಫರ್ ಅಕಾಡೆಮಿಕ್ ಅಪ್‌ಡೇಟ್" ಅಂತ ಒಂದು ಫಾರಂ. ಅರ್ಜಿ ಹಾಕಿ ನಿರಾಳವಾದ ಮಕ್ಕಳು ಮರೆಯುವುದು ಇದನ್ನೇ. ಈ ಒಂದು ತಾರೀಕನ್ನು ದಯವಿಟ್ಟು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಜಿಇ ಕೋರ್ಸುಗಳ ಗೋಜಲು ಈಗ ಸ್ವಲ್ಪ ಬಿಡಿಸಿದೆ. ಮೊದಲು ಯುಸಿಗೊಂದು, ಸಿಎಸ್‌ಯುಗೊಂದು ಪಟ್ಟಿ ಇತ್ತು. 2025ರ ಫಾಲ್ ಸೆಮಿಸ್ಟರಿನಿಂದ ಎರಡಕ್ಕೂ ಸೇರಿ "ಕ್ಯಾಲ್-ಜೆಟ್‌ಸಿ" ಅನ್ನುವ ಒಂದೇ ಪಟ್ಟಿ, 34 ಯೂನಿಟ್. ಎಲ್ಲ 116 ಕಾಲೇಜುಗಳಲ್ಲೂ ಒಂದೇ ಕೋರ್ಸಿಗೆ ಒಂದೇ ನಂಬರ್ ಕೊಡುವ ಕೆಲಸವೂ ನಡೆಯುತ್ತಿದೆ. ಇಷ್ಟು ವರ್ಷ ಬೇಕಾಯಿತಾ ಇದಕ್ಕೆ ಅಂತ ಕೇಳಬೇಡಿ, ನಾನೂ ಅದನ್ನೇ ಕೇಳುತ್ತಿರುತ್ತೇನೆ.

ನಮ್ಮವರಿಗೇ ಜಾಸ್ತಿ ತಟ್ಟುವ ವಿಷಯ ಒಂದಿದೆ. ಅಪ್ಪ ಅಥವಾ ಅಮ್ಮನ ಕೆಲಸದ ವೀಸಾ ಆಧಾರದಲ್ಲಿ ಸಿಗುವ ಎಚ್-4 ವೀಸಾದಲ್ಲಿರುವ ಮಕ್ಕಳು. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತ ಮನೆಗಳಲ್ಲಿ ಈ ಮಕ್ಕಳಿದ್ದಾರೆ. ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಇವರಿಗೆ ಸಿಗುವುದಿಲ್ಲ. 21 ತುಂಬಿದರೆ ಎಚ್-4 ಮುಗಿಯಿತು. ಕಮ್ಯುನಿಟಿ ಕಾಲೇಜು ಮುಗಿಸಿ ಟ್ರಾನ್ಸ್‌ಫರ್ ಆಗುವ ಹೊತ್ತು, 20-21, ಸರಿಯಾಗಿ ಅದೇ ವಯಸ್ಸು. ಬೇರೆಯವರಿಗೆ ಒಂದು ಸೆಮಿಸ್ಟರ್ ತಡವಾದರೆ ದುಡ್ಡಿನ ನಷ್ಟ. ಈ ಮಕ್ಕಳಿಗೆ ವೀಸಾ ಬದಲಾಯಿಸುವ ತಲೆನೋವು, ರಾಜ್ಯದ ನಿವಾಸಿಯ ಫೀಸು ಉಳಿಯುತ್ತದೋ ಇಲ್ಲವೋ ಅನ್ನುವ ಪ್ರಶ್ನೆ, ಎಲ್ಲ ಒಟ್ಟಿಗೆ ಬರುತ್ತದೆ. ಇಂಥ ಮನೆಯವರು ಮೊದಲ ಸೆಮಿಸ್ಟರಿನಲ್ಲೇ ಕಾಲೇಜಿನ ಅಡ್ಮಿಷನ್ಸ್ ಆಫೀಸಿನ ರೆಸಿಡೆನ್ಸಿ ವಿಭಾಗದಲ್ಲಿ ಮತ್ತು ಒಬ್ಬ ವಲಸೆ ವಕೀಲರ ಹತ್ತಿರ ಕೂತು ಮಾತಾಡಬೇಕು. ವಾಟ್ಸ್ಯಾಪ್ ಗುಂಪಿನ ಉತ್ತರ ನಂಬಿ ಕೂರಬೇಡಿ.

ಕೆಲವು ಅಪ್ಪಂದಿರು ನನಗೇ ಇಮೇಲ್ ಹಾಕುತ್ತಾರೆ, ಮಗನ ಮಾರ್ಕ್ಸ್ ಹೇಳಿ ಸರ್ ಅಂತ. ಹೇಳುವಂತಿಲ್ಲ. 1974ರಿಂದ ಇಲ್ಲಿ ಫರ್ಪಾ ಅನ್ನುವ ಕಾನೂನಿದೆ. ಕಾಲೇಜು ಸೇರಿದ ಮೇಲೆ ದಾಖಲೆಯ ಹಕ್ಕು ವಿದ್ಯಾರ್ಥಿಯದ್ದು, ಫೀಸು ಕಟ್ಟುವವರು ಯಾರೇ ಇರಲಿ. ನನ್ನನ್ನು ಕೇಳುವ ಬದಲು ಮಗನನ್ನು ಕೇಳಿ. ಗ್ರೇಡ್ ಎಷ್ಟು ಅಂತ ಶುರು ಮಾಡಿದರೆ ಅವನು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. "ಎಜುಕೇಷನ್ ಪ್ಲ್ಯಾನ್ ಮಾಡಿಸಿದ್ಯಾ, ತೋರಿಸು ನೋಡೋಣ" ಅನ್ನಿ. ಪ್ರತಿ ಕಾಲೇಜಿನಲ್ಲೂ ಕೌನ್ಸೆಲರ್ ಕೂತು ಸೆಮಿಸ್ಟರ್‌ವಾರು ಪ್ಲ್ಯಾನ್ ಹಾಕಿಕೊಡುತ್ತಾರೆ. ಅದರ ಪಕ್ಕದಲ್ಲಿ ಅಸಿಸ್ಟ್ ಪಟ್ಟಿ ಇಟ್ಟು ಒಂದೊಂದೇ ಕೋರ್ಸಿಗೆ ಟಿಕ್ ಹಾಕಿ. ಎಕ್ಸೆಲ್ ಶೀಟ್ ಮಾಡುವುದರಲ್ಲಿ ನಿಮ್ಮನ್ನು ಮೀರಿಸುವವರು ಯಾರು?

ಟ್ರಾನ್ಸ್‌ಫರ್ ಆದ ಮೇಲೂ ಗಾಬರಿ ಇರುತ್ತದೆ. ಮೂರನೇ ವರ್ಷಕ್ಕೆ ನೇರ ಇಳಿದ ಮಗುವಿಗೆ ಕ್ಯಾಂಪಸ್ ಗೊತ್ತಿಲ್ಲ, ಗೆಳೆಯರಿಲ್ಲ, ಕೋರ್ಸು ಕಠಿಣ. ಕಂಪನಿಗಳು ಮುಂದಿನ ಬೇಸಿಗೆಯ ಇಂಟರ್ನ್‌ಶಿಪ್‌ಗೆ ಆಗಲೇ ಬಾಗಿಲು ತೆರೆದಿರುತ್ತವೆ. ಉಳಿದವರಿಗೆ ಎರಡು ವರ್ಷದ ತಯಾರಿ, ಇವನಿಗೆ ಎರಡೇ ವಾರ. ಮೊದಲ ಟರ್ಮಿನಲ್ಲಿ ಗ್ರೇಡ್ ಸ್ವಲ್ಪ ಇಳಿದರೆ ಮನೆಯಲ್ಲಿ ರಂಪ ಮಾಡಬೇಡಿ.

ಇನ್ನು ಕನ್ನಡ ಕೂಟಗಳ ಪದಾಧಿಕಾರಿಗಳಿಗೆ ಒಂದು ಮಾತು. ಫ್ರೀಮಾಂಟ್‌ನಿಂದ ಸ್ವಲ್ಪ ಮೇಲೆ ಹೇವರ್ಡ್‌ನಲ್ಲಿ ಶಬೋ ಕಾಲೇಜು ಇದೆ. ಅಲ್ಲಿ 1981ರಲ್ಲಿ "ಪುಯೆಂತೆ" ಅನ್ನುವ ಕಾರ್ಯಕ್ರಮ ಹುಟ್ಟಿತು. ಮೆಕ್ಸಿಕನ್ ಮೂಲದ ಮಕ್ಕಳು ಟ್ರಾನ್ಸ್‌ಫರ್ ಆಗುತ್ತಿಲ್ಲ ಅಂತ ಅಲ್ಲಿನ ಒಬ್ಬ ಕೌನ್ಸೆಲರ್, ಒಬ್ಬ ಇಂಗ್ಲಿಷ್ ಟೀಚರ್ ಸೇರಿ ಶುರು ಮಾಡಿದ್ದು. ಇಂಗ್ಲಿಷ್ ಕ್ಲಾಸು, ಜೊತೆಗೇ ಇರುವ ಕೌನ್ಸೆಲರ್, ಮತ್ತು ಅದೇ ಸಮುದಾಯದಿಂದ ಬಂದ ಕೆಲಸದಲ್ಲಿರುವ ಹಿರಿಯರು, ಈ ಮೂರನ್ನೂ ಒಂದು ಮಗುವಿನ ಸುತ್ತ ನಿಲ್ಲಿಸಿದರು. ಇವತ್ತು ಅದು ರಾಜ್ಯದ ಎಷ್ಟೋ ಕಾಲೇಜುಗಳಲ್ಲಿ ನಡೆಯುತ್ತಿದೆ. ಇದರಲ್ಲಿ ಕ್ಲಾಸು, ಕೌನ್ಸೆಲರ್ ಕಾಲೇಜಿನ ಕೆಲಸ. ಮೂರನೆಯದು ಹಿರಿಯರ ಕೆಲಸ, ಅದನ್ನು ಯಾವ ಕೂಟ ಬೇಕಾದರೂ ಮಾಡಬಹುದು.

ನಮ್ಮಲ್ಲಿ ಹಿರಿಯರಿಗೇನು ಬರವೇ? ಟ್ರಾನ್ಸ್‌ಫರ್ ಆಗಿ ಯುಸಿಯಲ್ಲಿ, ಸಿಎಸ್‌ಯುನಲ್ಲಿ ಡಿಗ್ರಿ ಮುಗಿಸಿ ಕೆಲಸ ಮಾಡುತ್ತಿರುವ ಕನ್ನಡದ ಹುಡುಗ ಹುಡುಗಿಯರು ಇಲ್ಲೇ ಇದ್ದಾರೆ. ನನ್ನ ಹಳೇ ವಿದ್ಯಾರ್ಥಿಗಳಲ್ಲೇ ಇದ್ದಾರೆ. ಯಾವ ಕೌನ್ಸೆಲರ್ ಒಳ್ಳೆಯವರು, ಯಾವ ಸೆಮಿಸ್ಟರಿನಲ್ಲಿ ಫಿಸಿಕ್ಸ್ ಸೀಟು ಬೇಗ ತುಂಬುತ್ತದೆ, ಟ್ಯಾಗ್ ಅರ್ಜಿಯಲ್ಲಿ ಎಲ್ಲಿ ಎಡವುತ್ತಾರೆ, ಎಲ್ಲ ಅವರಿಗೆ ಗೊತ್ತು. ಆದರೆ ಅವರ ಅಪ್ಪ-ಅಮ್ಮನೂ ಆಗ "ಗ್ಯಾಪ್" ಅಂದಿದ್ದರಲ್ಲ, ಹಾಗಾಗಿ ಅವರು ಈ ದಾರಿಯಲ್ಲಿ ಬಂದರು ಅಂತಲೇ ಯಾರಿಗೂ ಗೊತ್ತಿಲ್ಲ. ಸ್ಯಾಟ್ ಪ್ರವೇಶ ಪರೀಕ್ಷೆಗೆ ಕೋಚಿಂಗ್ ಯಾವುದು ಚೆನ್ನಾಗಿದೆ ಅಂತ ನಮ್ಮ ಗುಂಪುಗಳಲ್ಲಿ ಕೇಳಿದರೆ ಅರ್ಧ ಗಂಟೆಯಲ್ಲಿ ಇಪ್ಪತ್ತು ಉತ್ತರ ಬರುತ್ತದೆ. ಟ್ರಾನ್ಸ್‌ಫರ್ ಬಗ್ಗೆ ಕೇಳುವವರೇ ಇಲ್ಲ, ಉತ್ತರ ಎಲ್ಲಿಂದ ಬರಬೇಕು?

ಅದಕ್ಕೇ ಎರಡು ಕೋರಿಕೆ. ಬೇಸಿಗೆಯಲ್ಲಿ ಹೈಸ್ಕೂಲ್ ಮುಗಿಸಿದ ಮಕ್ಕಳನ್ನು ವೇದಿಕೆಗೆ ಕರೆದು, ಪರದೆಯ ಮೇಲೆ ಯೂನಿವರ್ಸಿಟಿಯ ಲಾಂಛನ ಹಾಕಿ ಚಪ್ಪಾಳೆ ಹೊಡೆಸುವ ಕೂಟಗಳಿವೆ. ಒಳ್ಳೆಯ ಕೆಲಸ. ಆ ಪಟ್ಟಿಯಲ್ಲಿ ಡಿ ಆಂಜಾ, ಓಲೋನಿ, ವೆಸ್ಟ್ ವ್ಯಾಲಿ, ಲಾಸ್ ಪೊಸಿಟಾಸ್ ಕಾಲೇಜುಗಳ ಲಾಂಛನವನ್ನೂ ಹಾಕಿ. ಟ್ರಾನ್ಸ್‌ಫರ್ ಆದವರನ್ನು ಎರಡು ವರ್ಷದ ಮೇಲೆ ಮತ್ತೆ ಕರೆಯಿರಿ. ಎರಡನೆಯದು, ಪ್ರತಿ ಆಗಸ್ಟ್‌ನಲ್ಲಿ, ಫಾಲ್ ಶುರುವಾಗುವ ಹೊತ್ತಿಗೆ, ಒಂದು ಶನಿವಾರ ಮಧ್ಯಾಹ್ನ ಟ್ರಾನ್ಸ್‌ಫರ್ ಆದ ಮಕ್ಕಳನ್ನೂ ಈಗ ಸೇರುತ್ತಿರುವ ಮಕ್ಕಳನ್ನೂ ಒಂದು ಲೈಬ್ರರಿಯ ಮೀಟಿಂಗ್ ರೂಮಿನಲ್ಲಿ ಕೂರಿಸಿ. ದೊಡ್ಡವರ ಭಾಷಣ ಬೇಡ. ಒಬ್ಬೊಬ್ಬರೂ ಲ್ಯಾಪ್‌ಟಾಪ್ ತಂದು ಅಸಿಸ್ಟ್ ತೆಗೆದು ಪ್ಲ್ಯಾನ್ ಬರೆದುಕೊಂಡು ಏಳಲಿ. ಸೆಪ್ಟೆಂಬರ್ ಟ್ಯಾಗ್ ಅರ್ಜಿಗೆ ಮುಂಚೆ ಎರಡನೇ ವರ್ಷದವರನ್ನು ಇನ್ನೊಂದು ಸಲ ಸೇರಿಸಿದರೆ ಸಾಕು. ಕಾಫಿ, ಚಕ್ಕುಲಿ ನಾನು ತರುತ್ತೇನೆ. ಗಣಿತದ ಸಾಲು ಹೇಗೆ ಜೋಡಿಸಬೇಕು ಅಂತ ಕೂತು ನೋಡಲೂ ನಾನು ತಯಾರಿದ್ದೇನೆ.

ಲೈಬ್ರರಿ ರೂಮು ಪುಕ್ಕಟೆ ಸಿಗುತ್ತದೆ, ಆದರೆ ಮೊದಲೇ ಬುಕ್ ಮಾಡಬೇಕು. ಯಾವ ಕೂಟದವರು ಮಾಡುತ್ತೀರಿ, ತಿಳಿಸಿ.

ಇಂತಿ ನಿಮ್ಮವನೇ ಆದ,
ಒಬ್ಬ ಲೆಕ್ಕದ ಮೇಷ್ಟ್ರು